ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಕೊಂಡು ಚಾಂಪಿಯನ್ ಆದ ಓಹಾಯೋ ಸ್ಟೇಟ್: 2014ರ ಸೀಸನ್, ಒಂದು ಪ್ರಕರಣ ಅಧ್ಯಯನ

ಮೊದ್ಲೇ ಒಂದು ಮಾತು, ಇಲ್ಲಿ ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ಟು ಪ್ಯಾಡು ಹಾಕ್ಕೊಂಡು ಒಬ್ಬರ ಮೇಲೊಬ್ರು ಬೀಳ್ತಾರಲ್ಲ, ಆ ಅಮೆರಿಕನ್ ಫುಟ್‌ಬಾಲ್. ರೂಲ್ಸ್ ಪೂರ್ತಿ ಗೊತ್ತಿರ್ಬೇಕು ಅಂತೇನಿಲ್ಲ. ನಾಲ್ಕು ಚಾನ್ಸ್ ಒಳಗೆ ಬಾಲನ್ನ 10 ಯಾರ್ಡ್ ಮುಂದಕ್ಕೆ ತಗೊಂಡು ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸು, ಹೋಗ್ಲಿಲ್ಲ ಅಂದ್ರೆ ಬಾಲ್ ಎದುರು ಟೀಮಿಗೆ. ಪ್ರತಿ ಸಲ ಬಾಲ್ ಮೊದ್ಲು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ, ಎಸೀಬೇಕಾ, ಪಕ್ಕದವನ ಕೈಗೆ ಕೊಡ್ಬೇಕಾ, ತಾನೇ ಓಡ್ಬೇಕಾ ಅಂತ ಅವನು ಎರಡು ಮೂರು ಸೆಕೆಂಡಲ್ಲಿ ತೀರ್ಮಾನ ಮಾಡ್ಬೇಕು. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ನು, ಓಪನರ್ರು, ಕೀಪರ್ರು ಮೂರೂ ಒಬ್ನೇ ಆದ್ರೆ ಹೆಂಗಿರುತ್ತೆ, ಹಂಗೆ. ಅಂಥವನು ಸೀಸನ್ ಶುರುವಾಗೋಕೆ 12 ದಿನ ಇರೋವಾಗ ಹೋದ, ಅವನ ಜಾಗಕ್ಕೆ ಬಂದವನು ಕೊನೇ ಲೀಗ್ ಮ್ಯಾಚಲ್ಲಿ ಕಾಲು ಮುರ್ಕೊಂಡ, ಆಮೇಲೆ ಮೂರನೆಯವನು ಬಂದು ಮೂರೇ ಮೂರು ಮ್ಯಾಚ್ ಸ್ಟಾರ್ಟ್ ಮಾಡಿ ನ್ಯಾಷನಲ್ ಚಾಂಪಿಯನ್ ಆದ. 2014ರ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಟೀಮಿನ ಕಥೆ ಇದು.

ಈ ಕಥೇನ ಎಲ್ರೂ ಹೇಳೋದು ಆ ಮೂರನೇ ಹುಡುಗ ಕಾರ್ಡೇಲ್ ಜೋನ್ಸ್ ಮಾಡಿದ ಪವಾಡ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ನನಗದು ಅರ್ಧ ಮಾತ್ರ ನಿಜ ಅನ್ಸುತ್ತೆ. ಕ್ವಾರ್ಟರ್‌ಬ್ಯಾಕ್ ಎರಡು ಸಲ ಬದಲಾದ್ರೂ ಟೀಮ್ ನಿಂತಿದ್ದು ಯಾಕೆ ಅಂದ್ರೆ, ಟೀಮಿನ ಭಾರ ಆ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ತಲೆ ಮೇಲೆ ಇರ್ಲೇ ಇಲ್ಲ. ಅದು ಹೆಂಗಾಯ್ತು, ಯಾವಾಗ ಆಯ್ತು ಅಂತ ಒಂದೊಂದಾಗಿ ನೋಡೋಣ.

ಹಿಂದಿನ ಲೆಕ್ಕ

ಓಹಾಯೋ ಸ್ಟೇಟ್ ಇರೋದು ಕೊಲಂಬಸ್‌ನಲ್ಲಿ. ಕಾಲೇಜ್ ಟೀಮ್ ಅಂದ ತಕ್ಷಣ ನಮ್ಮ ಇಂಟರ್ ಕಾಲೇಜ್ ಟೂರ್ನಮೆಂಟ್ ಕಣ್ಮುಂದೆ ತಂದ್ಕೋಬೇಡಿ, ಇವರ ಹೋಮ್ ಗ್ರೌಂಡು ಕುದುರೆ ಲಾಳದ ಆಕಾರದ್ದು, ಅದಕ್ಕೇ ಹಾರ್ಸ್‌ಶೂ ಅಂತಾರೆ, ಒಂದು ಮ್ಯಾಚಿಗೆ ಲಕ್ಷಕ್ಕೂ ಮೇಲೆ ಜನ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಎರಡು ತುಂಬ್ಸಿದ್ರೂ ಇನ್ನೂ ಜನ ಹೊರಗಡೆ ಉಳೀತಾರೆ. ಇಷ್ಟೆಲ್ಲಾ ದುಡ್ಡು ಓಡಾಡೋ ಆಟದಲ್ಲಿ ಆಡೋ ಹುಡುಗ್ರಿಗೆ ಆಗ ಸಿಗ್ತಿದ್ದಿದ್ದು ಸ್ಕಾಲರ್‌ಶಿಪ್ ಮಾತ್ರ. 2010ರಲ್ಲಿ ಇದೇ ಟೀಮಿನ ಕೆಲವರು ತಮ್ಗೆ ಕೊಟ್ಟ ಉಂಗುರ, ಮಿಶಿಗನ್ ಸೋಲಿಸಿದ್ರೆ ಕೊಡೋ ಚಿನ್ನದ ಬಣ್ಣದ ಪುಟಾಣಿ ಪ್ಯಾಂಟಿನ ಪದಕ, ಇಂಥವನ್ನೆಲ್ಲ ಕೊಟ್ಟು ದುಡ್ಡು, ಟ್ಯಾಟೂ ಹಾಕಿಸ್ಕೊಂಡ್ರು ಅಂತ ದೊಡ್ಡ ರಾದ್ಧಾಂತ ಆಗಿ, 2011ರ ಮೇ ತಿಂಗಳಲ್ಲಿ ಕೋಚ್ ಜಿಮ್ ಟ್ರೆಸೆಲ್ ರಾಜೀನಾಮೆ ಕೊಟ್ಟು ಹೋದ್ರು. ಟ್ಯಾಟೂಗೋಸ್ಕರ ಒಂದು ಸಾಮ್ರಾಜ್ಯ ಅಲ್ಲಾಡ್ತು ಅಂದ್ರೆ ನಗ್ಬೇಕೋ ಅಳ್ಬೇಕೋ.

ಆಮೇಲೆ ಬಂದಿದ್ದು ಅರ್ಬನ್ ಮೈಯರ್. ಫ್ಲೋರಿಡಾದಲ್ಲಿ 2006, 2008 ಎರಡು ಸಲ ಚಾಂಪಿಯನ್ ಆಗಿದ್ದ ಕೋಚು, ಹುಟ್ಟಿದ್ದು ಓಹಾಯೋದಲ್ಲೇ. ಮೊದಲನೇ ವರ್ಷ 2012ರಲ್ಲಿ 12ಕ್ಕೆ 12 ಗೆದ್ರು, ಆದ್ರೆ ಆ ಹಳೇ ಪಾಪಕ್ಕೆ ಶಿಕ್ಷೆ ಇತ್ತಲ್ಲ, ಪೋಸ್ಟ್‌ಸೀಸನ್, ಅಂದ್ರೆ ಲೀಗ್ ಆದ್ಮೇಲಿನ ದೊಡ್ಡ ಮ್ಯಾಚುಗಳನ್ನ, ಆಡಂಗಿರ್ಲಿಲ್ಲ. 2013ರಲ್ಲಿ ಮತ್ತೆ 12ಕ್ಕೆ 12, ಆಮೇಲೆ ಬಿಗ್ ಟೆನ್ (ಇವರ ಕಾನ್ಫರೆನ್ಸು, ಅಂದ್ರೆ ಇವರಾಡೋ ಟೀಮುಗಳ ಗುಂಪು) ಫೈನಲ್‌ನಲ್ಲಿ ಮಿಶಿಗನ್ ಸ್ಟೇಟ್ ಕೈಲಿ 34-24 ಸೋಲು, ಅದರ ಹಿಂದೇನೇ ಆರೆಂಜ್ ಬೌಲ್ ಅನ್ನೋ ಸೀಸನ್ ಕೊನೇ ಮ್ಯಾಚಲ್ಲಿ ಕ್ಲೆಮ್ಸನ್ ಕೈಲಿ 40-35 ಸೋಲು. 24 ಮ್ಯಾಚ್ ಸತತ ಗೆದ್ದು ಕೈಗೆ ಒಂದು ಕಪ್ಪೂ ಇಲ್ಲ. ಎರಡು ಸೋಲಲ್ಲೂ ಡಿಫೆನ್ಸ್ (ಎದುರಾಳೀನ ತಡೆಯೋ ಪಡೆ) ಬಾಯಿ ಬಿಟ್ಕೊಂಡು ನಿಂತಿತ್ತು, ಅದಕ್ಕೇ 2014ಕ್ಕೆ ಆರ್ಕನ್ಸಾ ಇಂದ ಕ್ರಿಸ್ ಆಶ್, ಪೆನ್ ಸ್ಟೇಟಿಂದ ಲ್ಯಾರಿ ಜಾನ್ಸನ್ ಅಂತ ಇಬ್ರು ಡಿಫೆನ್ಸ್ ಕೋಚ್‌ಗಳನ್ನ ಕರ್ಕೊಂಡು ಬಂದ್ರು. ಸೀಸನ್ ಮುಗಿದ್ಮೇಲೆ ಹಿಂತಿರುಗಿ ನೋಡಿದ್ರೆ ಈ ಎರಡು ಅಪಾಯಿಂಟ್‌ಮೆಂಟು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ, ಆಗ ಯಾರೂ ಅಷ್ಟು ತಲೆ ಕೆಡಿಸ್ಕೊಳ್ಳಲಿಲ್ಲ, ಎಲ್ಲರ ಕಣ್ಣೂ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್ಟನ್ ಮಿಲ್ಲರ್ ಮೇಲೆ. ಸತತ ಎರಡು ವರ್ಷ ಕಾನ್ಫರೆನ್ಸಿನ ಬೆಸ್ಟ್ ಆಫೆನ್ಸ್ (ಬಾಲ್ ಇಟ್ಕೊಂಡು ಮುಂದೆ ನುಗ್ಗೋ ಪಡೆ) ಆಟಗಾರ ಅಂತ ಪ್ರಶಸ್ತಿ ತಗೊಂಡಿದ್ದ ಹುಡುಗ.

ಆಗಸ್ಟ್ 18ಕ್ಕೆ ಪ್ರಾಕ್ಟೀಸಲ್ಲಿ ಬಾಲ್ ಎಸೆಯೋಕೆ ಹೋಗಿ ಅವನ ಭುಜ ಮತ್ತೆ ಹೋಯ್ತು. ಅಷ್ಟೇ, ಸೀಸನ್ ಪೂರ್ತಿ ಔಟ್.

ಇಲ್ಲಿ ಒಂದು ವಿಷಯ ಗಮನ್ಸಿ. ಮಿಲ್ಲರ್ ಹಿಂದೆ ಇಬ್ರಿದ್ರು, ಟೆಕ್ಸಸ್‌ನ ವಿಚಿಟಾ ಫಾಲ್ಸ್‌ನವನು ಜೆ.ಟಿ. ಬ್ಯಾರೆಟ್, ಕ್ಲೀವ್‌ಲ್ಯಾಂಡಿನವನು ಕಾರ್ಡೇಲ್ ಜೋನ್ಸ್. ಸ್ಪ್ರಿಂಗ್ ಪ್ರಾಕ್ಟೀಸ್ ಮುಗಿದಾಗ ಇವರಿಬ್ಬರಲ್ಲಿ ಮುಂದಿದ್ದವನು ಜೋನ್ಸು, ಆಗಸ್ಟ್ ಕ್ಯಾಂಪಲ್ಲಿ ಬ್ಯಾರೆಟ್ ಅವನನ್ನ ದಾಟ್ದ. ಅಂದ್ರೆ ಆಮೇಲೆ ಎಲ್ರೂ "ಥರ್ಡ್ ಸ್ಟ್ರಿಂಗ್" ಅಂತ ಕರೆದ ಹುಡುಗ ಎಲ್ಲೋ ಮೂಲೇಲಿ ನೀರಿನ ಬಾಟಲಿ ಹಿಡ್ಕೊಂಡು ಕೂತಿದ್ದವನಲ್ಲ, ಎರಡನೇ ಜಾಗಕ್ಕೆ ಕೂದಲೆಳೆ ಅಂತರದಲ್ಲಿ ತಪ್ಪಿಸ್ಕೊಂಡವನು. ಅವನ ಹೆಸರು ಅಷ್ಟೊತ್ತಿಗೆ ದೇಶಕ್ಕೆಲ್ಲ ಗೊತ್ತಿದ್ದಿದ್ದು ಒಂದು ಟ್ವೀಟಿಂದ. 2012ರ ಅಕ್ಟೋಬರಲ್ಲಿ ನಾವು ಫುಟ್‌ಬಾಲ್ ಆಡೋಕೆ ಬಂದಿದೀವಿ, ಕ್ಲಾಸಿಗೆ ಯಾಕೆ ಹೋಗ್ಬೇಕು, ಕ್ಲಾಸೆಲ್ಲ ವೇಸ್ಟು ಅನ್ನೋ ಅರ್ಥದಲ್ಲಿ ಬರ್ದು, ಒಂದು ಮ್ಯಾಚ್ ಸಸ್ಪೆಂಡ್ ಆಗಿ, ದೇಶದ ನಗೆಪಾಟಲಾಗಿದ್ದ. ಒರಟಾಗಿ ಹೇಳ್ದ ನಿಜ, ಆದ್ರೆ ಆ ವ್ಯವಸ್ಥೆ ನೋಡಿದ್ರೆ ಅವನು ಹೇಳಿದ್ದರಲ್ಲಿ ತಪ್ಪೇನಿತ್ತು ಅಂತ ನನಗೆ ಇವತ್ತಿಗೂ ಅನ್ಸುತ್ತೆ.

ಸೆಪ್ಟೆಂಬರ್ 6, ವರ್ಜೀನಿಯಾ ಟೆಕ್

ಮೊದಲ ಮ್ಯಾಚ್ ನೇವಿ ಮೇಲೆ ಬಾಲ್ಟಿಮೋರ್‌ನಲ್ಲಿ, ಹಾಫ್‌ಟೈಮಿಗೆ 7-6 ಹಿಂದೆ ಇದ್ದು ಕೊನೆಗೆ 34-17 ಗೆದ್ರು. ಅದನ್ನ ಬಿಡಿ. ಈ ಪ್ರಕರಣದ ಕೇಂದ್ರ ಇರೋದು ಎರಡನೇ ಮ್ಯಾಚಲ್ಲಿ, ಮನೇಲೇ, 1,07,517 ಜನರ ಮುಂದೆ ವರ್ಜೀನಿಯಾ ಟೆಕ್ ಕೈಲಿ 35-21 ಸೋತಿದ್ದು.

ಟೆಕ್ ಡಿಫೆನ್ಸ್ ನೋಡ್ಕೊಳ್ತಿದ್ದವರು ಬಡ್ ಫಾಸ್ಟರ್, ಹಳೇ ಹುಲಿ. ಅವರು ಮಾಡಿದ್ದು ಸರಳ ಲೆಕ್ಕ. ಓಹಾಯೋ ಸ್ಟೇಟಿನ ಆಫೆನ್ಸಿವ್ ಲೈನಲ್ಲಿ ಐದು ಜನ, ಅಂದ್ರೆ ಮುಂದೆ ಗೋಡೆ ತರ ನಿಂತ್ಕೊಂಡು ಕ್ವಾರ್ಟರ್‌ಬ್ಯಾಕ್‌ನ ಕಾಯೋ ದಢಿಯ ಹುಡುಗರು, ಅದರಲ್ಲಿ ನಾಲ್ಕು ಜನ ಹೊಸಬರು, ಹಿಂದಿನ ವರ್ಷದಿಂದ ಉಳ್ಕೊಂಡಿದ್ದವನು ಟೇಲರ್ ಡೆಕರ್ ಒಬ್ನೇ. ಕ್ವಾರ್ಟರ್‌ಬ್ಯಾಕೂ ಹೊಸಬ. ಹಂಗಾಗಿ ಫಾಸ್ಟರ್ ತಮ್ಮ ಹುಡುಗರನ್ನೆಲ್ಲ ಮುಂದಕ್ಕೆ ತಂದು ಲೈನಿನ ನಡುವಿನ ಮೂರು ಜನರ ಎದೆ ಮೇಲೇ ನಿಲ್ಲಿಸಿದ್ರು, ಬೇರ್ ಫ್ರಂಟ್ ಅಂತಾರೆ ಇದಕ್ಕೆ, ಹಿಂದಗಡೆ ರಿಸೀವರ್‌ಗಳ (ಪಾಸ್ ಹಿಡಿಯೋ ಹುಡುಗರ) ಜೊತೆ ಒಬ್ಬೊಬ್ಬರನ್ನೇ ಬಿಟ್ರು, ಸಹಾಯಕ್ಕೆ ಇನ್ನೊಬ್ಬ ಇಲ್ಲ. ಅರ್ಥ ಏನು ಅಂದ್ರೆ, ಓಡೋಕಂತೂ ಬಿಡಲ್ಲ, ತಾಕತ್ತಿದ್ರೆ ದೂರ ಎಸೆದು ತೋರ್ಸು. ಬ್ಯಾರೆಟ್ ಕೈಲಿ ಆಗ್ಲಿಲ್ಲ. 29 ಪಾಸಲ್ಲಿ 9 ಮಾತ್ರ ಸೇರಿದ್ದು, 3 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಪಾಸು), 7 ಸಲ ಅವನನ್ನ ಹಿಡಿದು ಕೆಡವಿದ್ರು. ರ‍್ಯಾಂಕಿಂಗ್ 8ರಿಂದ 22ಕ್ಕೆ ಬಿತ್ತು. ಟಿವಿಯಲ್ಲಿ ಕೂತಿದ್ದ ಪಂಡಿತರೆಲ್ಲ ಸೇರಿ ತಿಥಿ ಊಟಾನೂ ಮುಗಿಸಿಬಿಟ್ರು.

ಸೋತಿದ್ದಕ್ಕಿಂತ ಭಯ ಏನಿತ್ತು ಅಂದ್ರೆ, ಈಗ ಎಲ್ಲ ಟೀಮಿಗೂ ಉತ್ತರಪತ್ರಿಕೆ ಸಿಕ್ಕಿತ್ತು. ಮುಂದಿನ ಪ್ರತಿ ಎದುರಾಳೀನೂ ಇದನ್ನೇ ಕಾಪಿ ಹೊಡೀಬಹುದು. ಹಂಗಾಗಿ ಮೈಯರ್‌ಗೆ, ಆಫೆನ್ಸ್ ಕೋಆರ್ಡಿನೇಟರ್ ಟಾಮ್ ಹರ್ಮನ್‌ಗೆ, ಲೈನ್ ಕೋಚ್ ಎಡ್ ವಾರಿನರ್‌ಗೆ ಬೇರೆ ದಾರಿ ಇರ್ಲಿಲ್ಲ, ಒಂದೋ ಈ ರೋಗಕ್ಕೆ ಮದ್ದು ಕಂಡ್ಹಿಡೀಬೇಕು ಇಲ್ಲ ಸೀಸನ್ ಮರ್ತುಬಿಡ್ಬೇಕು. ಅವರು ಕ್ವಾರ್ಟರ್‌ಬ್ಯಾಕ್ ಬದಲಾಯಿಸ್ಲಿಲ್ಲ ಅನ್ನೋದು ಇಲ್ಲಿ ಮುಖ್ಯ. ಬ್ಯಾರೆಟ್ ಅಷ್ಟು ಕೆಟ್ಟದಾಗಿ ಆಡಿದ್ರೂ ಜೋನ್ಸ್‌ನ ತಂದು ನಿಲ್ಲಿಸಬಹುದಿತ್ತು, ಅಭಿಮಾನಿಗಳು ಬಾಯಿ ಬಡ್ಕೊಂಡ್ರೂ ಮಾಡ್ಲಿಲ್ಲ. ಲೈನ್ ರಿಪೇರಿ ಮಾಡಿದ್ರು. ಅದು ಒಂದು ದಿನದಲ್ಲಿ ಆಗೋ ಕೆಲಸ ಅಲ್ಲ, ಐದು ಜನ ಒಂದೇ ಉಸಿರಲ್ಲಿ ಹೆಜ್ಜೆ ಹಾಕ್ಬೇಕು, ಪಕ್ಕದವನು ಯಾವ ಕಡೆ ತಿರುಗ್ತಾನೆ ಅಂತ ನೋಡ್ದೇನೇ ಗೊತ್ತಿರ್ಬೇಕು, ಹಳ್ಳೀಲಿ ನಾಟಿ ಹಾಕೋ ಹೆಂಗಸರ ಸಾಲು ನೋಡಿದೀರಲ್ಲ, ಆ ತರ ಲಯ ಬರ್ಬೇಕು. ತಿಂಗಳುಗಟ್ಲೆ ಹಿಡಿಯುತ್ತೆ.

ಕೆಂಟ್ ಸ್ಟೇಟ್ ಮೇಲೆ 66-0, ಸಿನ್ಸಿನಾಟಿ ಮೇಲೆ 50-28, ಮೇರಿಲ್ಯಾಂಡ್ ಮೇಲೆ 52-24, ರಟ್ಗರ್ಸ್ ಮೇಲೆ 56-17. ಅದಾದ್ಮೇಲೆ ಪೆನ್ ಸ್ಟೇಟ್ ಊರಲ್ಲಿ ಡಬಲ್ ಓವರ್‌ಟೈಮ್, 31-24, ಕೊನೇ ಪ್ಲೇನಲ್ಲಿ ಜೋಯಿ ಬೋಸಾ ಅನ್ನೋ ಡಿಫೆನ್ಸ್ ಹುಡುಗ ತನ್ನನ್ನ ತಡೆಯೋಕೆ ಬಂದವನನ್ನೇ ತಳ್ಳಿಕೊಂಡು ಹೋಗಿ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳಿಸಿ ಮ್ಯಾಚ್ ಮುಗಿಸ್ದ. ನವೆಂಬರ್ 8ಕ್ಕೆ ಹಿಂದಿನ ವರ್ಷ ಸೋಲಿಸಿದ್ದ ಮಿಶಿಗನ್ ಸ್ಟೇಟ್, ಅವರದ್ದೇ ಊರಲ್ಲಿ, 49-37. ಬ್ಯಾರೆಟ್ 300 ಯಾರ್ಡ್ ಎಸೆದ, 5 ಟಚ್‌ಡೌನ್‌ಗೆ (ಬಾಲನ್ನ ಎದುರಾಳಿಯ ಕೊನೇ ಗೆರೆ ದಾಟ್ಸೋದು) ಕಾರಣ ಆದ. ಆಮೇಲಿನ ವಾರ ಮಿನೆಸೋಟಾದ ಹಿಮದಲ್ಲಿ 86 ಯಾರ್ಡ್ ಒಂದೇ ಓಟ ಓಡ್ದ. ಸೆಪ್ಟೆಂಬರಲ್ಲಿ ಬೈದವರೇ ನವೆಂಬರಲ್ಲಿ ಅವನನ್ನ ಹೈಸ್‌ಮನ್, ಅಂದ್ರೆ ವರ್ಷದ ಬೆಸ್ಟ್ ಕಾಲೇಜ್ ಆಟಗಾರನ, ಪ್ರಶಸ್ತಿಗೆ ಹೆಸರು ಹೇಳೋಕೆ ಶುರು ಮಾಡಿದ್ರು, ಕೊನೆಗೆ ಆ ವೋಟಿಂಗಲ್ಲಿ ಐದನೇ ಜಾಗಾನೂ ಬಂತು. ಅಷ್ಟೊತ್ತಿಗೆ ಅವನ ಲೆಕ್ಕದಲ್ಲಿ 45 ಟಚ್‌ಡೌನ್, ಬಿಗ್ ಟೆನ್ ದಾಖಲೆ.

ನವೆಂಬರ್ ಕೊನೇ ವಾರ

ನವೆಂಬರ್ 29, ಮಿಶಿಗನ್ ಮ್ಯಾಚು. ಓಹಾಯೋದವರಿಗೆ ಇದು ಇಂಡಿಯಾ ಪಾಕಿಸ್ತಾನ ಇದ್ದಂಗೆ, ಮಿಶಿಗನ್ ಅನ್ನೋ ಹೆಸರಿನ ಮೊದಲಕ್ಷರಾನೂ ಆ ವಾರ ಕ್ಯಾಂಪಸ್ ಬೋರ್ಡುಗಳಲ್ಲಿ ಅಡ್ಡಗೆರೆ ಹಾಕಿ ಅಳಿಸ್ತಾರೆ. 28-21 ಮುಂದಿದ್ರು, ನಾಲ್ಕನೇ ಕ್ವಾರ್ಟರಿನ ಮೊದಲ ಪ್ಲೇ, ಬ್ಯಾರೆಟ್ ಓಡ್ತಾ ಬಿದ್ದ, ಹಿಮ್ಮಡಿ ಗಂಟಿನ ಮೂಳೆ ಮುರೀತು. ಗಾಡಿ ಮೇಲೆ ಕರ್ಕೊಂಡು ಹೋಗೋ ಮುಂಚೆ ಎದುರು ಟೀಮಿನ ಕ್ವಾರ್ಟರ್‌ಬ್ಯಾಕ್ ಡೆವಿನ್ ಗಾರ್ಡ್ನರ್ ಬಂದು ಪಕ್ಕದಲ್ಲಿ ಕೂತು ಅವನಿಗೆ ಸಮಾಧಾನ ಹೇಳ್ದ, ಆ ದೃಶ್ಯ ನೋಡಿದ್ರೆ ದ್ವೇಷ ಎಲ್ಲಾ ಮೇಲ್ಮೇಲಿಂದು ಅಂತ ಗೊತ್ತಾಗುತ್ತೆ. ಜೋನ್ಸ್ ಒಳಗೆ ಬಂದ. ಬಂದು ಏನ್ ಮಾಡ್ದ? ಹೆಚ್ಚೇನಿಲ್ಲ. ನಾಲ್ಕನೇ ಚಾನ್ಸಲ್ಲಿ ಒಂದು ಯಾರ್ಡ್ ಬೇಕಿತ್ತು, ಬಾಲ್ ರನ್ನಿಂಗ್ ಬ್ಯಾಕ್ (ಬಾಲ್ ತಗೊಂಡು ಓಡೋನು) ಎಜೀಕಿಯಲ್ ಎಲಿಯಟ್ ಕೈಗೆ ಕೊಟ್ಟ, ಎಲಿಯಟ್ 44 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. ಮ್ಯಾಚ್ 42-28. ಮುಂದಿನ ಮೂರು ಮ್ಯಾಚಿನ ಇಡೀ ಚಿತ್ರಕಥೆ ಆ ಒಂದು ಪ್ಲೇನಲ್ಲೇ ಇತ್ತು, ಯಾರಿಗೂ ಕಾಣ್ಲಿಲ್ಲ.

ಮರುದಿನ ಇನ್ನೂ ಕೆಟ್ಟ ಸುದ್ದಿ. ಆ ವಾರ ಕಾಣೆಯಾಗಿದ್ದ ಟೀಮಿನದೇ ಒಬ್ಬ ಹುಡುಗ ತೀರಿಕೊಂಡಿರೋದು ಗೊತ್ತಾಯ್ತು. ಆಟದ ಲೆಕ್ಕಾಚಾರ ಎಲ್ಲ ಇಲ್ಲಿ ಸಣ್ಣದಾಗುತ್ತೆ, ಹೆಚ್ಚು ಹೇಳಲ್ಲ. ಮುಂದಿನ ಶನಿವಾರ ಡಿಫೆನ್ಸಿನ ಮೈಕೆಲ್ ಬೆನೆಟ್ ತನ್ನ ನಂಬರ್ ಬಿಟ್ಟು ಆ ಹುಡುಗನ 53 ನಂಬರ್ ಜರ್ಸಿ ಹಾಕ್ಕೊಂಡು ಇಳಿದ.

ಸೆಲೆಕ್ಟರ್‌ಗಳ ಮೀಟಿಂಗು

ಈಗ ಸ್ವಲ್ಪ ಪ್ಲೇಆಫ್ ವಿಷ್ಯ, ಯಾಕಂದ್ರೆ ಇದಿಲ್ದೆ ಮುಂದಿನ ಮ್ಯಾಚಿನ 59-0 ಸ್ಕೋರ್ ಯಾಕೆ ಮುಖ್ಯ ಅಂತ ಅರ್ಥ ಆಗಲ್ಲ. 2014ರವರೆಗೆ ಬಿಸಿಎಸ್ ಅಂತ ಇತ್ತು, ವೋಟು ಕಂಪ್ಯೂಟರು ಸೇರಿ ಇಬ್ಬರನ್ನ ಆರಿಸಿ ಫೈನಲ್ ಆಡಿಸೋದು. ಆ ವರ್ಷ ಮೊದಲ ಸಲ ನಾಲ್ಕು ಟೀಮಿನ ಪ್ಲೇಆಫ್. ಆದ್ರೆ ಐಪಿಎಲ್ ತರ ಪಾಯಿಂಟ್ಸ್ ಟೇಬಲ್ ನೋಡಿ ಮೇಲಿನ ನಾಲ್ಕು ಅಂತಲ್ಲ, ಒಂದು ಕಮಿಟಿ ಕೂತು ಆರಿಸುತ್ತೆ. ನಮ್ಗೆ ಸೆಲೆಕ್ಷನ್ ಕಮಿಟಿ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ! ಆರ್ಕನ್ಸಾ ಯೂನಿವರ್ಸಿಟಿಯ ಜೆಫ್ ಲಾಂಗ್ ಅಧ್ಯಕ್ಷ, ಸದಸ್ಯರಲ್ಲಿ ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ಕೂಡ ಇದ್ರು, ಇರಾಕ್ ಯುದ್ಧ ನೋಡಿದವರು ಬಂದು ಟಿಸಿಯು ದೊಡ್ದಾ ಬೇಲರ್ ದೊಡ್ದಾ (ಎರಡೂ ಟೆಕ್ಸಸ್ ಕಡೆ ಯೂನಿವರ್ಸಿಟಿ ಟೀಮು) ಅಂತ ಕೂತ್ಕೊಂಡ್ರು. ಅಕ್ಟೋಬರ್ ಕೊನೇಲಿ ಅವರ ಮೊದಲ ಪಟ್ಟಿ ಬಂದಾಗ ಓಹಾಯೋ ಸ್ಟೇಟ್ ಇದ್ದಿದ್ದು 16ನೇ ಜಾಗದಲ್ಲಿ. ಡಿಸೆಂಬರ್ ಮೊದಲ ವಾರಕ್ಕೆ 5ನೇ ಜಾಗ. ಮನೇಲಿ ಸೋಲಿಸಿದ ವರ್ಜೀನಿಯಾ ಟೆಕ್ ಆಮೇಲೆ ಎಲ್ಲರ ಹತ್ರಾನೂ ಒದೆ ತಿಂದು 6 ಗೆಲುವು 6 ಸೋಲಲ್ಲಿ ನಿಂತಿತ್ತು, ಅದು ದೊಡ್ಡ ಕಪ್ಪು ಚುಕ್ಕೆ. ಮೇಲಿಂದ ಈಗ ಕ್ವಾರ್ಟರ್‌ಬ್ಯಾಕೂ ಇಲ್ಲ.

ಹಂಗಾಗಿ ಡಿಸೆಂಬರ್ 6ರ ಬಿಗ್ ಟೆನ್ ಫೈನಲ್, ಇಂಡಿಯಾನಾಪೊಲಿಸ್‌ನಲ್ಲಿ ವಿಸ್ಕಾನ್ಸಿನ್ ಮೇಲೆ, ಬರೀ ಗೆದ್ರೆ ಸಾಲ್ತಿರ್ಲಿಲ್ಲ. ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಕೊಂಡೂ ಇವರು ದೇಶದ ಮೊದಲ ನಾಲ್ಕರಲ್ಲಿ ಬರ್ತಾರೆ ಅಂತ ಆ ಕಮಿಟಿಗೆ ಕಣ್ಣಾರೆ ಕಾಣ್ಬೇಕಿತ್ತು. ಬೆಟ್ಟಿಂಗ್ ಮಾರುಕಟ್ಟೇಲಿ ವಿಸ್ಕಾನ್ಸಿನ್ನೇ ಫೇವರಿಟ್. ಅವರ ಹತ್ರ ಮೆಲ್ವಿನ್ ಗಾರ್ಡನ್ ಇದ್ದ, ಆ ಸೀಸನಲ್ಲಿ 2,000 ಯಾರ್ಡ್ ದಾಟಿ ಓಡಿದ್ದ ರನ್ನಿಂಗ್ ಬ್ಯಾಕು.

ಹಾಫ್‌ಟೈಮಿಗೆ 38-0. ಮುಗಿದಾಗ 59-0. ಜೋನ್ಸ್ ಜೀವನದಲ್ಲಿ ಮೊದಲನೇ ಸ್ಟಾರ್ಟು, 17ರಲ್ಲಿ 12 ಪಾಸ್, 257 ಯಾರ್ಡು, 3 ಟಚ್‌ಡೌನ್, ಮೂರೂ ರಿಸೀವರ್ ಡೆವಿನ್ ಸ್ಮಿತ್ ಕೈಗೆ, ಮೂರೂ ಸುಮಾರು 40 ಯಾರ್ಡಿನವು. ಎಲಿಯಟ್ 220 ಯಾರ್ಡ್. ಗಾರ್ಡನ್ 26 ಸಲ ಓಡಿ ಬರೀ 76, ಕ್ರಿಸ್ ಆಶ್ ಮತ್ತೆ ಲ್ಯಾರಿ ಜಾನ್ಸನ್ ಸಂಬಳ ಆ ಒಂದು ರಾತ್ರಿಗೇ ವಸೂಲಾಯ್ತು ಅನ್ನಿ.

ಇಲ್ಲಿ ಕೋಚ್‌ಗಳು ಏನು ಮಾಡಿದ್ರು ಅನ್ನೋದು ನೋಡ್ಬೇಕು. ಬ್ಯಾರೆಟ್ ಚಿಕ್ಕ ಚಿಕ್ಕ ಪಾಸು, ತಾನೇ ಓಡೋದು, ಡಿಫೆನ್ಸ್ ಓದೋದು, ಇದರಲ್ಲಿ ಜಾಣ. ಜೋನ್ಸ್ ಆರೂಕಾಲು ಅಡಿ ಮೀರಿದ ಎತ್ತರ, 250 ಪೌಂಡ್ ಮೈ, ಫಿರಂಗಿ ತರದ ಕೈ. ಬ್ಯಾರೆಟ್‌ಗೆ ಹೊಲಿಸಿದ ಅಂಗೀನ ಜೋನ್ಸ್‌ಗೆ ತೊಡಿಸೋಕೆ ಹೋಗ್ಲಿಲ್ಲ ಇವರು. ನಡುವೆ ಎಲಿಯಟ್‌ನ ಓಡ್ಸೋದು, ಅವನನ್ನ ತಡೆಯೋಕೆ ಅಂತ ಎದುರಾಳಿ ಮುಂದಕ್ಕೆ ಬಂದ ತಕ್ಷಣ ತಲೆ ಮೇಲಿಂದ ಉದ್ದ ಎಸೆಯೋದು, ಅಷ್ಟೇ ಪ್ಲಾನು. ಸೆಪ್ಟೆಂಬರಲ್ಲಿ ವರ್ಜೀನಿಯಾ ಟೆಕ್ ಹಾಕಿದ ಸವಾಲು ನೆನಪಿದ್ಯಲ್ಲ, ತಾಕತ್ತಿದ್ರೆ ದೂರ ಎಸೆ ಅಂತ? ಅದಕ್ಕೆ ಮೂರು ತಿಂಗಳಾದ್ಮೇಲೆ ಉತ್ತರ ಸಿಕ್ಕಿತು, ಬೇರೆ ಹುಡುಗನ ಕೈಯಿಂದ. ಆದ್ರೆ ಅಷ್ಟು ದೂರ ಎಸೆಯೋಕೆ ಅವನಿಗೆ ಟೈಮ್ ಕೊಟ್ಟಿದ್ದು ಮುಂದಿನ ಐದು ಜನ, ಹೆಚ್ಚುಕಮ್ಮಿ ಸೆಪ್ಟೆಂಬರಲ್ಲಿ 7 ಸಲ ಬೇಲಿ ಮುರಿದುಕೊಂಡಿದ್ದ ಅದೇ ಹುಡುಗರು.

ಮರುದಿನ ಭಾನುವಾರ ಪಟ್ಟಿ ಬಂತು. ಅಲಬಾಮಾ, ಆರೆಗಾನ್, ಫ್ಲೋರಿಡಾ ಸ್ಟೇಟ್, ಓಹಾಯೋ ಸ್ಟೇಟ್. ಹಿಂದಿನ ವಾರ 3ನೇ ಜಾಗದಲ್ಲಿದ್ದ ಟಿಸಿಯು, ಆ ಶನಿವಾರ ಐಯೋವಾ ಸ್ಟೇಟನ್ನ 55-3 ಸೋಲಿಸಿದ್ರೂ 6ಕ್ಕೆ ಬಿತ್ತು. ಗೆದ್ದು ಮೂರು ಜಾಗ ಕೆಳಗೆ! ಟಿಸಿಯು ಬೇಲರ್ ಇರೋದು ಬಿಗ್ 12 ಕಾನ್ಫರೆನ್ಸಲ್ಲಿ, ಅದರಲ್ಲಿ ಆಗ ಇದ್ದಿದ್ದು 10 ಟೀಮು, ಬಿಗ್ ಟೆನ್‌ನಲ್ಲಿ ಇದ್ದಿದ್ದು 14, ಅಮೆರಿಕದವರ ಲೆಕ್ಕ ಇದು, ನನ್ನನ್ನ ಕೇಳ್ಬೇಡಿ. ಬಿಗ್ 12ರಲ್ಲಿ ಫೈನಲ್ ಮ್ಯಾಚೇ ಇರ್ಲಿಲ್ಲ. ಅಕ್ಟೋಬರಲ್ಲಿ ಬೇಲರ್ ಟಿಸಿಯುನ 61-58 ಸೋಲಿಸಿತ್ತು, ನಾಲ್ಕನೇ ಕ್ವಾರ್ಟರಲ್ಲಿ 21 ಪಾಯಿಂಟ್ ಹಿಂದಿದ್ದು ಗೆದ್ದ ಮ್ಯಾಚದು, ಹಂಗಿದ್ರೂ ಕಾನ್ಫರೆನ್ಸ್‌ನವರು ಇಬ್ಬರನ್ನೂ ಜಂಟಿ ಚಾಂಪಿಯನ್ ಅಂತ ಘೋಷಿಸಿ ಕೈ ತೊಳ್ಕೊಂಡ್ರು. ವರ್ಷ ಪೂರ್ತಿ ಒಬ್ಬನೇ ನಿಜವಾದ ಚಾಂಪಿಯನ್ ಅಂತ ಸ್ಲೋಗನ್ ಹೊಡೆದವರು ಇವರೇ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಓಹಾಯೋ ಸ್ಟೇಟ್‌ಗೆ ಅಭಿಮಾನಿ ಬಳಗ ದೊಡ್ಡದು, ಟಿವಿ ದುಡ್ಡು ಬರುತ್ತೆ ಅಂತ ಸೇರಿಸಿದ್ರು ಅಂತ ಟೆಕ್ಸಸ್ ಕಡೆ ಇವತ್ತಿಗೂ ಗೊಣಗಾಟ ಇದೆ. ನನ್ನ ಪ್ರಕಾರ ಟಿಸಿಯುಗೆ ಅನ್ಯಾಯ ಆಗಿದ್ದು ನಿಜ, ಆದ್ರೆ ಅನ್ಯಾಯ ಮಾಡಿದ್ದು ಕಮಿಟಿಗಿಂತ ಹೆಚ್ಚಾಗಿ ಅವರದ್ದೇ ಕಾನ್ಫರೆನ್ಸು. ಕೊನೇ ಶನಿವಾರ ರಾತ್ರಿ ದೇಶವೆಲ್ಲ ನೋಡ್ತಿರೋವಾಗ ಓಹಾಯೋ ಸ್ಟೇಟ್‌ಗೆ ಒಂದು ಸ್ಟೇಜ್ ಇತ್ತು, ಇವರಿಗೆ ಇರ್ಲಿಲ್ಲ. ಆಮೇಲೆ 2017ರಿಂದ ಬಿಗ್ 12 ಫೈನಲ್ ಮ್ಯಾಚ್ ವಾಪಸ್ ತಂದ್ರು, ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕ್ದಂಗೆ.

ಒಂದು ವೇಳೆ ಆ ವರ್ಷಾನೂ ಬಿಸಿಎಸ್ಸೇ ಇದ್ದಿದ್ರೆ ಓಹಾಯೋ ಸ್ಟೇಟ್ ಲೆಕ್ಕಕ್ಕೇ ಇರ್ತಿರ್ಲಿಲ್ಲ. ಅದೃಷ್ಟದ ಪಾಲು ಇಷ್ಟು ಅಂತ ಒಪ್ಕೊಂಡು ಮುಂದೆ ಹೋಗೋಣ.

ನ್ಯೂ ಆರ್ಲಿಯನ್ಸ್, ಆಮೇಲೆ ಟೆಕ್ಸಸ್

2015ರ ಜನವರಿ 1, ಶುಗರ್ ಬೌಲ್, ಎದುರು ನಿಕ್ ಸೇಬನ್ ಅವರ ಅಲಬಾಮಾ. ಸೆಮಿಫೈನಲ್ ಅಂದ್ರೂ ಎಲ್ರಿಗೂ ಇದೇ ಫೈನಲ್. ಎರಡನೇ ಕ್ವಾರ್ಟರಲ್ಲಿ 21-6 ಹಿಂದೆ. ಇಲ್ಲಿಗೆ ಮುಗೀತು ಅಂತ ಟಿವಿ ಆಫ್ ಮಾಡಿದವರು ಎಷ್ಟು ಜನವೋ. ಹಾಫ್‌ಟೈಮ್ ಒಳಗೆ ಎಲಿಯಟ್ ಒಂದು ಟಚ್‌ಡೌನ್, ಆಮೇಲೆ ಅರ್ಧ ಮುಗಿಯೋಕೆ ಕೆಲವೇ ಸೆಕೆಂಡ್ ಇರೋವಾಗ ಒಂದು ತಮಾಷೆ ಪ್ಲೇ, ಬಾಲ್ ಕೈ ಬದಲಾಗಿ ಇವಾನ್ ಸ್ಪೆನ್ಸರ್ ಅನ್ನೋ ರಿಸೀವರ್ ಹತ್ರ ಬಂತು, ಅವನು ಅಂಚಿನ ಗೆರೆಯಲ್ಲಿ ನಿಂತಿದ್ದ ಮೈಕೆಲ್ ಥಾಮಸ್ ಕಡೆ ಎಸ್ದ, ಥಾಮಸ್ ಒಂದು ಪಾದ ಒಳಗಿಟ್ಟು ಹಿಡಿದ. 21-20. ಈ ಥಾಮಸ್ ಮುಂದೆ ಇದೇ ಊರಿನ ಪ್ರೊಫೆಷನಲ್ ಟೀಮಿಗೆ, ಇದೇ ಸ್ಟೇಡಿಯಮ್ಮಲ್ಲಿ, ದೊಡ್ಡ ಹೆಸರು ಮಾಡ್ದ.

ಸೆಕೆಂಡ್ ಹಾಫಲ್ಲಿ ಸ್ಮಿತ್‌ಗೆ 47 ಯಾರ್ಡಿನ ಪಾಸು, ಡಿಫೆನ್ಸ್‌ನ ಸ್ಟೀವ್ ಮಿಲ್ಲರ್ ಇಂಟರ್‌ಸೆಪ್ಟ್ ಮಾಡಿ ತಾನೇ ಓಡಿ ಟಚ್‌ಡೌನ್, ಅಲಬಾಮಾ ಬಿಡ್ದೆ ಹಿಂದೆ ಬಂತು, 34-28. ಮೂರುವರೆ ನಿಮಿಷ ಇದೆ. ಆಗ ಎಲಿಯಟ್ ಎಡಗಡೆಯಿಂದ ಹೊರಟವನು 85 ಯಾರ್ಡ್, ಯಾರೂ ಮುಟ್ಟೋಕಾಗ್ಲಿಲ್ಲ. ವೀಡಿಯೋ ಸಿಕ್ರೆ ಎಲಿಯಟ್‌ನ ಬಿಟ್ಟು ಸ್ಪೆನ್ಸರ್‌ನ ನೋಡಿ, ಇಡೀ ಓಟ ಶುರುವಾಗೋದೇ ಅವನು ಒಳಗಡೆ ನುಗ್ಗಿ ಹಾಕಿದ ಒಂದು ಅಡ್ಡಗಟ್ಟಲಿಂದ. ಕೊನೆಗೆ ಅಲಬಾಮಾ ಮತ್ತೊಂದು ಹೊಡೆದು 42-35 ಮಾಡಿ ಬಾಲ್ ವಾಪಸ್ ಕಸಿಯೋಕೆ ಚಿಕ್ಕ ಕಿಕ್ ಹೊಡೆದಾಗ ಅದನ್ನ ಅವಚಿಕೊಂಡು ಬಿದ್ದವನೂ ಅವನೇ. ಎಸ್ದ, ತಡೆದ, ಹಿಡಿದ. ಪೇಪರ್ ಹೆಡ್‌ಲೈನಲ್ಲಿ ಅವನ ಹೆಸರಿಲ್ಲ, ನನ್ನ ಪಟ್ಟೀಲಿ ಆ ರಾತ್ರಿಯ ಮೊದಲ ಹೆಸರು ಅವನದ್ದೇ.

ಎಲಿಯಟ್ 230 ಯಾರ್ಡ್. ಮೂರನೇ ಚಾನ್ಸ್‌ಗಳ ಲೆಕ್ಕ ನೋಡಿ, ಓಹಾಯೋ ಸ್ಟೇಟ್ 18ರಲ್ಲಿ 10 ದಾಟ್ತು, ಅಲಬಾಮಾ 13ರಲ್ಲಿ 2. ಜೋನ್ಸ್ ದೊಡ್ಡ ಪಾಲು ಇದರಲ್ಲಿದೆ, ಅದನ್ನ ಕಿತ್ಕೊಳ್ಳಲ್ಲ ನಾನು, ಅವನನ್ನ ಒಬ್ಬ ಇಬ್ರು ಹಿಡಿದ್ರೆ ಬೀಳ್ತಿರ್ಲಿಲ್ಲ, ಎಮ್ಮೆ ಮೇಲೆ ಮಳೆ ಸುರಿದಂಗೆ ಅವರನ್ನ ಮೈಮೇಲೆ ಹೇರ್ಕೊಂಡೇ ಮುಂದೆ ಹೋಗ್ತಿದ್ದ.

ಫೈನಲ್ ಜನವರಿ 12, ಟೆಕ್ಸಸ್‌ನ ಆರ್ಲಿಂಗ್ಟನ್, ಆರೆಗಾನ್ ಮೇಲೆ. ಆರೆಗಾನ್ ಕ್ವಾರ್ಟರ್‌ಬ್ಯಾಕ್ ಮಾರ್ಕಸ್ ಮಾರಿಯೋಟಾ ಆ ವರ್ಷದ ಹೈಸ್‌ಮನ್ ವಿಜೇತ, ಸೆಮಿಫೈನಲ್‌ನಲ್ಲಿ ಫ್ಲೋರಿಡಾ ಸ್ಟೇಟನ್ನ 59-20 ಚಚ್ಚಿ ಬಂದಿದ್ರು. ಅಮೆರಿಕದಲ್ಲಿ 3 ಕೋಟಿ 30 ಲಕ್ಷಕ್ಕೂ ಜಾಸ್ತಿ ಜನ ಟಿವಿಯಲ್ಲಿ ನೋಡಿದ್ರು, ಕೇಬಲ್ ಟಿವಿಗೆ ಅದು ದಾಖಲೆ. ಓಹಾಯೋ ಸ್ಟೇಟ್ ಆ ದಿನ ನಾಲ್ಕು ಸಲ ಬಾಲ್ ಕಳ್ಕೊಂಡ್ತು. ನಾಲ್ಕು! ಈ ಆಟದಲ್ಲಿ ನಾಲ್ಕು ಸಲ ಕಳ್ಕೊಂಡ್ರೆ ಸಾಮಾನ್ಯವಾಗಿ ಮೂಟೆ ಕಟ್ಕೊಂಡು ಮನೆಗೆ ಹೋಗ್ಬೇಕು. ಮೂರನೇ ಕ್ವಾರ್ಟರಲ್ಲಿ 21-20ಕ್ಕೆ ಬಂದು ನಿಂತಿತ್ತು. ಆಮೇಲೆ ಅವರು ಮಾಡಿದ್ದು ಒಂದೇ ಕೆಲಸ, ಎಲಿಯಟ್‌ಗೆ ಕೊಡು, ಮತ್ತೆ ಎಲಿಯಟ್‌ಗೆ ಕೊಡು. 36 ಸಲ ಓಡ್ದ, 246 ಯಾರ್ಡು, 4 ಟಚ್‌ಡೌನ್. ಆರೆಗಾನ್ ಹುಡುಗರು ನಾಲ್ಕನೇ ಕ್ವಾರ್ಟರಲ್ಲಿ ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಡ್ತಿದ್ರು. 42-20. ಕೊನೇ ಮೂರು ಮ್ಯಾಚಿಂದ ಎಲಿಯಟ್ 696 ಯಾರ್ಡ್ ಓಡಿದ್ದ. ಕೊಲಂಬಸ್‌ನಲ್ಲಿ ಆ ರಾತ್ರಿ ಹುಡುಗರು ರೋಡಿಗಿಳಿದು ಹಳೇ ಸೋಫಾಗಳಿಗೆ ಬೆಂಕಿ ಹಚ್ಚಿದ್ರು, ಪೊಲೀಸರು ಅಶ್ರುವಾಯು ಬಿಟ್ರು, ಅದು ಅಲ್ಲಿನ ಸಂಪ್ರದಾಯ.

ಇನ್ನೊಂದು ಸಾಕ್ಷಿ

ಪವಾಡದ ವಾದ ನಿಜ ಆಗಿದ್ರೆ 2015ರಲ್ಲಿ ಈ ಟೀಮು ಆಕಾಶಕ್ಕೆ ಹೋಗ್ಬೇಕಿತ್ತು. ಜೋನ್ಸ್ ಪ್ರೊಫೆಷನಲ್ ಲೀಗಿಗೆ ಹೋಗ್ದೆ ಉಳ್ಕೊಂಡ, ಬ್ಯಾರೆಟ್ ಕಾಲು ವಾಸಿಯಾಯ್ತು, ಮಿಲ್ಲರ್ ರಿಸೀವರ್ ಆಗಿ ವಾಪಸ್ ಬಂದ. ಸೀಸನ್ ಶುರುವಾಗೋ ಮುಂಚೆ ಬರೋ ಎಪಿ (ಪತ್ರಕರ್ತರ ವೋಟಿನ) ಪಟ್ಟೀಲಿ ಒಂದು ವೋಟೂ ಬಿಡ್ದೆ ಸರ್ವಾನುಮತದಿಂದ ನಂಬರ್ 1. ಆ ಟೀಮಿಂದ 2016ರ ಡ್ರಾಫ್ಟಲ್ಲಿ (ಪ್ರೊಫೆಷನಲ್ ಟೀಮುಗಳು ಕಾಲೇಜ್ ಹುಡುಗರನ್ನ ಆರಿಸ್ಕೊಳ್ಳೋದು) 12 ಜನ ಪ್ರೊಫೆಷನಲ್ ಆದ್ರು, ಐದು ಜನ ಮೊದಲ ಸುತ್ತಲ್ಲೇ, ಬೋಸಾ 3ನೇ ನಂಬರು, ಎಲಿಯಟ್ 4ನೇ ನಂಬರು. 2014ಕ್ಕಿಂತ ಈ ಟೀಮ್ ಬಲಿಷ್ಠ ಅಂತ ಕಣ್ಮುಚ್ಚಿ ಹೇಳ್ಬಹುದು. ಇಲ್ಲದವರಲ್ಲಿ ದೊಡ್ಡ ಹೆಸರು ಟಾಮ್ ಹರ್ಮನ್, ಅವರು ಹ್ಯೂಸ್ಟನ್‌ಗೆ ಹೆಡ್ ಕೋಚ್ ಆಗಿ ಹೋಗಿದ್ರು. ಇದ್ದಿದ್ದು ಒಂದು ಹೊಸ ತಲೆನೋವು, ಯಾರನ್ನ ಆಡಿಸ್ಬೇಕು ಅನ್ನೋದು. ಸೀಸನ್ ಜೋನ್ಸ್ ಶುರು ಮಾಡ್ದ, ಎದುರಾಳಿ ಗೆರೆ ಹತ್ರ ಬಂದಾಗ ಬ್ಯಾರೆಟ್, ಆಮೇಲೆ ಬ್ಯಾರೆಟ್ಟೇ ಪೂರ್ತಿ, ಅವನೊಂದು ಮ್ಯಾಚ್ ಸಸ್ಪೆಂಡ್ ಆದಾಗ ಮತ್ತೆ ಜೋನ್ಸು. ಹಿಂದಿನ ವರ್ಷ ಇದ್ದವನನ್ನ ನೋಡಿ ಅವನಿಗೆ ಹೊಂದೋ ಆಟ ಕಟ್ಟಿದ್ದ ಕೋಚ್‌ಗಳು, ಈ ವರ್ಷ ಇಬ್ಬರಿಗೂ ಹೊಂದೋ ಆಟ ಕಟ್ಟೋಕೆ ಹೋಗಿ ಎತ್ತು ಏರಿಗೆ ಕೋಣ ನೀರಿಗೆ ಆಯ್ತು. ಜೋನ್ಸ್ ಆಮೇಲೆ 2016ರಲ್ಲಿ ನಾಲ್ಕನೇ ಸುತ್ತಲ್ಲಿ ಬಫಲೋ ಟೀಮಿಗೆ ಹೋದ, 2017ರ ಮೇನಲ್ಲಿ ಓಹಾಯೋ ಸ್ಟೇಟಿಂದಾನೇ ಡಿಗ್ರಿ ಮುಗಿಸಿ, ಟೋಪಿ ಮೇಲೆ ತನ್ನ ಹಳೇ ಟ್ವೀಟ್ ನೆನಪಿಸಿ ಬರ್ಕೊಂಡು ಘಟಿಕೋತ್ಸವಕ್ಕೆ ಬಂದಿದ್ದ.

2015ರ ನವೆಂಬರ್ 21, ಮಳೆ ಗಾಳಿ, ಮನೇಲೇ ಮಿಶಿಗನ್ ಸ್ಟೇಟ್ ಮೇಲೆ ಮ್ಯಾಚು. ಓಹಾಯೋ ಸ್ಟೇಟ್ ಅಲ್ಲಿವರೆಗೆ ಒಂದೂ ಸೋತಿರ್ಲಿಲ್ಲ. ಹಿಂದಿನ ಫೈನಲ್‌ನಲ್ಲಿ 36 ಸಲ ಬಾಲ್ ತಗೊಂಡಿದ್ದ ಎಲಿಯಟ್‌ಗೆ ಆ ದಿನ ಸಿಕ್ಕಿದ್ದು 12 ಸಲ, 33 ಯಾರ್ಡು. ಕೊನೇ ಕ್ಷಣದ ಫೀಲ್ಡ್ ಗೋಲಲ್ಲಿ (ಬಾಲನ್ನ ಒದ್ದು ಕಂಬಗಳ ನಡುವೆ ಹಾಕೋದು) 17-14 ಸೋಲು. ಮ್ಯಾಚ್ ಆದ್ಮೇಲೆ ಎಲಿಯಟ್ ಕ್ಯಾಮೆರಾ ಮುಂದೇನೇ ಕೋಚ್‌ಗಳ ಪ್ಲೇ ಕಾಲಿಂಗ್ ಬಗ್ಗೆ ಸಿಟ್ಟು ತೋರಿಸ್ಕೊಂಡ. ಮುಂದಿನ ವಾರ ಮಿಶಿಗನ್ ಮೇಲೆ ಅವನಿಗೆ 30 ಸಲ ಬಾಲ್ ಕೊಟ್ರು, 214 ಯಾರ್ಡ್ ಓಡ್ದ, 42-13 ಗೆದ್ರು. ಅಷ್ಟೊತ್ತಿಗೆ ಬಿಗ್ ಟೆನ್ ಫೈನಲ್ ಟಿಕೆಟ್ಟು ಮಿಶಿಗನ್ ಸ್ಟೇಟ್ ಪಾಲಾಗಿತ್ತು.